ಅನಸೂಯ ಹೇಳಿದ್ದು, ನಾನು ಹೇಳಿದ್ದು

೯ ಏಪ್ರಿಲ್ ೨೦೦೧, ಸೋಮವಾರ

ಮೂರನೇ ಪೀರಿಯಡ್ ಮುಗಿಯುವ ಹೊತ್ತಿಗೆ ಹೆಡ್‌ಮಿಸ್ಟ್ರೆಸ್ ಮೃಣಾಲಿನಿ ಬಾಯಿ ಕರೆಸಿದರು. ಹಿಂದಿ ಪ್ರಶ್ನೆಪತ್ರಿಕೆಯಲ್ಲಿ ಮತ್ತೇನೋ ಎಡವಟ್ಟು ಮಾಡಿದ್ದೇನೆ ಎಂದುಕೊಂಡೇ ಹೋದೆ. ಹೋದ ವರ್ಷ ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳಿ ಮಕ್ಕಳಿಗೆ ಪುಕ್ಕಟೆ ಮಾರ್ಕ್ಸ್ ಹಂಚಿದವಳಲ್ಲವೇ ನಾನು. ಅದಲ್ಲ ವಿಷಯ. ‘ತುಂಗಾ, ನಿಮಗೆ ಕನ್ನಡ ಮರಾಠಿ ಎರಡೂ ಚೆನ್ನಾಗಿ ಬರುತ್ತದಲ್ಲ?’ ಎಂದು ಕೇಳಿದರು. ಬೆಳಗಾವಿಯಲ್ಲಿ ಹುಟ್ಟಿದವಳಿಗೆ ಅದೇನು ದೊಡ್ಡ ಮಾತು ಎಂದುಬಿಟ್ಟೆ. ಸುಮ್ಮನಿರಬೇಕಿತ್ತು.

ನಮ್ಮ ಕ್ವಾರ್ಟರ್ಸಿನ ಗುರುಸಿದ್ದಪ್ಪನವರ ಸೊಸೆ ಅನಸೂಯಳ ವಿಷಯ. ಗದಗದ ಕಡೆಯ ಹುಡುಗಿ, ಮದುವೆಯಾಗಿ ಬಂದು ಇನ್ನೂ ವರ್ಷವಾಗಿಲ್ಲ, ಹಿಂದಿ ಮರಾಠಿ ಒಂದಕ್ಷರ ಬಾರದು. ಹೋದ ತಿಂಗಳು ಒಂದು ಮಧ್ಯಾಹ್ನ ಬರಿಗಾಲಲ್ಲಿ ಓಡಿಹೋಗಿ ಪೊಲೀಸ್ ಚೌಕಿಯಲ್ಲಿ ಕುಳಿತಳಂತೆ. ಅವಳ ಮಾತು ಯಾರಿಗೂ ತಿಳಿಯಲಿಲ್ಲ. ಕೊನೆಗೆ ಮಾತು ತಿಳಿದವರು ಬೇಕೆಂದು ಅವಳ ಮಾವನನ್ನೇ ಕರೆಸಿದರಂತೆ. ಗುರುಸಿದ್ದಪ್ಪನವರು ಬಂದು, ಸೊಸೆ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ‘ತವರಿನ ನೆನಪಾಗಿ ಅಳುತ್ತಿದ್ದಾಳೆ’ ಎಂದು ಮರಾಠಿಗೆ ತಿರುಗಿಸಿ ಮನೆಗೆ ಕರೆದುಕೊಂಡು ಹೋದರು.

ಬಾಯಿ ಸಂಜೆ ಹೊತ್ತು ಮಹಿಳೆಯರ ಸಲಹಾ ಕೇಂದ್ರದಲ್ಲಿ ಕೂರುತ್ತಾರೆ. ಅಲ್ಲಿ ಒಬ್ಬ ಮಹಿಳಾ ಪೇದೆ ಈ ಕಥೆ ಹೇಳಿದಳಂತೆ. ಅವರು ಸುಮ್ಮನೆ ಬಿಡುವವರೇ? ರಾಜ್ಯ ಮಹಿಳಾ ಆಯೋಗಕ್ಕೆ ಬರೆದಿದ್ದಾರೆ. ಆಯೋಗದವರು ಮುಂಬೈಯಿಂದ ಬಂದು ಮುಂದಿನ ವಾರ ಇಲ್ಲೇ ನಾಗಪುರದಲ್ಲಿ ಅಹವಾಲು ಕೇಳುತ್ತಾರಂತೆ. ಅನಸೂಯಳ ಮಾತನ್ನು ಮರಾಠಿಯಲ್ಲಿ ಹೇಳುವವರು ಬೇಕು, ಮನೆಯವರಾಗಿರಬಾರದು.

ಆಗುವುದಿಲ್ಲ ಎನ್ನಬೇಕಿತ್ತು. ‘ಮನೆಯಲ್ಲಿ ಕೇಳಿ ಹೇಳುತ್ತೇನೆ’ ಎಂದೆ. ಗುರುಸಿದ್ದಪ್ಪನವರು ಫ್ಯಾಕ್ಟರಿಯಲ್ಲಿ ನಮ್ಮ ಮನೆಯವರಿಗೆ ಮೇಲಿನವರು, ಕನ್ನಡ ಸಂಘಕ್ಕೆ ಹಿರಿಯರು. ಈ ಕ್ವಾರ್ಟರ್ಸ್ ನಮಗೆ ಸಿಕ್ಕಿದ್ದೂ ಅವರ ಒಂದು ಮಾತಿನಿಂದ.

೧೨ ಏಪ್ರಿಲ್, ಗುರುವಾರ

ಮನೆಯಲ್ಲಿ ಇನ್ನೂ ಕೇಳಿಲ್ಲ. ಮಂಗಳವಾರ ಸಾರಿಗೆ ಉಪ್ಪು ಹಾಕುವುದು ಮರೆತಿದ್ದೆ, ಅಂದಿನಿಂದ ನಮ್ಮ ಮನೆಯವರು ಮಾತು ಬಿಟ್ಟಿದ್ದಾರೆ. ಮಾತಿಲ್ಲದಾಗ ಕೇಳುವುದು ಹೇಗೆ? ಅವರ ಮನಸ್ಸು ಒಳ್ಳೆಯದು, ಸಿಟ್ಟು ಮಾತ್ರ ಮೂಗಿನ ತುದಿಯಲ್ಲಿ. ಮಕ್ಕಳಿಲ್ಲದ ಮನೆ, ಸಿಟ್ಟು ಹಂಚಿಕೊಳ್ಳಲು ನಾನೊಬ್ಬಳೇ ಇದ್ದೇನೆ.

ಇವತ್ತು ಸ್ಟಾಫ್ ರೂಮಿನಲ್ಲಿ ಎಲ್ಲರ ಎದುರೇ ಬಾಯಿ ‘ಕೇಳಿದಿರಾ?’ ಎಂದರು. ‘ಹೂಂ’ ಎಂಬುದು ತಾನಾಗಿ ಹೊರಬಿತ್ತು. ಮನೆಯವರಿಗೆ ಹೆದರಿ ಹೇಳಲಿಲ್ಲ, ಬಾಯಿಯವರಿಗೆ ಹೆದರಿ ಒಪ್ಪಿಕೊಂಡೆ. ನನ್ನಂಥ ಪುಕ್ಕಲಿಯನ್ನು ಹುಡುಕಿ ಈ ಕೆಲಸಕ್ಕೆ ಹಚ್ಚಿದ್ದಾರಲ್ಲ, ಅವರ ಧೈರ್ಯಕ್ಕೆ ಮೆಚ್ಚಬೇಕು.

೧೮ ಏಪ್ರಿಲ್, ಬುಧವಾರ

ಬರೆಯದಿದ್ದರೆ ತಲೆ ಸಿಡಿದೀತು.

ಪೇಪರ್ ತಿದ್ದುವುದಿದೆ ಎಂದು ಮನೆಯಲ್ಲಿ ಸುಳ್ಳು ಹೇಳಿ ಹೋದೆ. ಸರ್ಕಾರಿ ಅತಿಥಿಗೃಹದ ಪಡಸಾಲೆಯ ತುಂಬ ಹೆಂಗಸರು. ಕಾಮಠಿಯಿಂದ, ಕನ್ಹಾನ್‌ನಿಂದ ಬೆಳಗಿನ ಬಸ್ಸಿಗೆ ಬಂದವರು ಬುತ್ತಿಗಂಟು ಕಟ್ಟಿಕೊಂಡು ಕುಳಿತಿದ್ದರು. ಅಲ್ಲೇ ನಾಲ್ಕು ಮಾರು ದೂರದಲ್ಲಿ ಅವರ ಗಂಡಂದಿರು, ಮಾವಂದಿರು. ದೂರು ಕೊಟ್ಟವರನ್ನೂ ದೂರಿಸಿಕೊಂಡವರನ್ನೂ ಒಂದೇ ಮೇಜಿನ ಮುಂದೆ ಕೂರಿಸಿ ಕೇಳುವುದು ಅಲ್ಲಿಯ ಪದ್ಧತಿಯಂತೆ. ನನಗೆ ಅದು ಗೊತ್ತಿರಲಿಲ್ಲ. ಒಳಗೆ ಹೋಗಿ ನೋಡಿದರೆ ಎದುರಿಗೇ ಗುರುಸಿದ್ದಪ್ಪನವರು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ, ಪಕ್ಕದಲ್ಲಿ ಮಗ ಸಂಕೇತ. ನಾನು ಬಾಗಿಲಲ್ಲೇ ನಿಂತೆ. ಅವರು ಮಾತ್ರ ಎದ್ದು ಕೈ ಮುಗಿದರು. ‘ಬರ್ರಿ ತಾಯಿ, ನಮ್ಮ ರಘುನಂದನನ ಮನಿಯವ್ರು ಬಂದ್ರಂದ್ರ ಚಲೋನ ಆತು. ನಮ್ಮವ್ರ ಮಾತು ನಮ್ಮವ್ರಿಗೇ ತಿಳೀತೈತಿ’ ಎಂದರು.

ಆಯೋಗದ ಸದಸ್ಯೆ ವಯಸ್ಸಾದವರು. ಎಲ್ಲರೂ ಮೇಡಂ ಎನ್ನುತ್ತಿದ್ದರು. ಏನಾಯಿತು ಎಂದು ಅನಸೂಯಳನ್ನು ಕೇಳಿ ಎಂದರು. ಕೇಳಿದೆ. ಅವಳು ಸೀರೆಯ ಸೆರಗನ್ನೇ ನೋಡುತ್ತ, ಸಣ್ಣ ದನಿಯಲ್ಲಿ ಹೇಳಿದಳು:

‘ಸಿಟ್ಟು ಬಂದ್ರ ಕುತ್ತಿಗಿ ಹಿಡದು ನೀರಿನ ಟಾಕ್ಯಾಗ ಮಾರಿ ಅದ್ದತಾರ್ರಿ ಅಕ್ಕಾರ. ಉಸುರು ಹೋತು ಅನ್ನೂತನ ಬಿಡೂದಿಲ್ರಿ. ಎತ್ತತಾರ, ಮತ್ತ ಅದ್ದತಾರ. ಮಾವಾರು ಹೊರಗ ಕುರ್ಚಿ ಹಾಕ್ಕೊಂಡು ಪೇಪರ್ ಓದ್ಕೋತ ಕುಂತಿರ್ತಾರ್ರಿ.’

ಹೊಡೆತವಾದರೆ ಬಾಸುಂಡೆ ತೋರಿಸಬಹುದು. ನೀರು ಏನು ಗುರುತು ಬಿಡುತ್ತದೆ?

ಮೇಡಂ ನನ್ನ ಮುಖ ನೋಡುತ್ತಿದ್ದರು. ಗುರುಸಿದ್ದಪ್ಪನವರೂ ನೋಡುತ್ತಿದ್ದರು, ಸಣ್ಣಗೆ ನಗುತ್ತ. ಇಷ್ಟು ಜನ ಮರಾಠಿಯವರ ಎದುರು ನಮ್ಮ ಸಂಘದ ಹಿರಿಯರ ಮನೆಯ ಇಂಥ ಮಾತನ್ನು ಹೇಗೆ ಆಡುವುದು ಎಂದೂ ಅನ್ನಿಸಿತು, ಸುಳ್ಳೇಕೆ ಹೇಳಲಿ. ‘ಗಂಡ ಸಿಟ್ಟು ಮಾಡುತ್ತಾರೆ, ಸ್ವಲ್ಪ ತ್ರಾಸು ಕೊಡುತ್ತಾರೆ, ಮಾವನವರು ಬಿಡಿಸುವುದಿಲ್ಲ’ ಎಂದೆ.

ಅಷ್ಟೇ. ಅಷ್ಟೇ ಹೇಳಿದ್ದು ನಾನು.

ಮೇಡಂ ಸಂಕೇತನಿಗೆ ಬುದ್ಧಿ ಹೇಳಿದರು. ಇನ್ನು ಮುಂದೆ ತ್ರಾಸು ಕೊಡುವುದಿಲ್ಲವೆಂದು ಮುಚ್ಚಳಿಕೆ ಬರೆಸಿಕೊಂಡರು. ಹೊಸ ಸಂಸಾರ, ಹೊಂದಿಕೊಂಡು ನೋಡಿ, ಮೇ ಇಪ್ಪತ್ತೆರಡಕ್ಕೆ ಮತ್ತೆ ಬನ್ನಿ ಎಂದರು. ಅವರ ತಪ್ಪೇನಿದೆ, ಅವರಿಗೆ ಕೇಳಿಸಿದ್ದು ಅಷ್ಟೇ.

ಹೊರಗೆ ಬಂದಾಗ ಅನಸೂಯ ನನ್ನ ಕೈ ಹಿಡಿದುಕೊಂಡಳು. ‘ಟಾಕಿ ಮಾತು ಹೇಳಿದ್ರಿಲ್ಲರೀ ಅಕ್ಕಾರ?’ ಎಂದಳು. ‘ಹೇಳಿದೆ’ ಎಂದೆ. ‘ಹೇಳಿದ್ರೂ ಕಳಸ್ತಾರಲ್ರಿ ಮತ್ತ’ ಎಂದು ನನ್ನ ಮುಖ ನೋಡಿದಳು. ಅಷ್ಟರಲ್ಲಿ ಸಂಕೇತ ಆಟೋ ತಂದ.

೨೦ ಏಪ್ರಿಲ್, ಶುಕ್ರವಾರ

ಗುರುಸಿದ್ದಪ್ಪನವರು ಒಂದು ಬುಟ್ಟಿ ಮಾವಿನಹಣ್ಣು ತೆಗೆದುಕೊಂಡು ಮನೆಗೇ ಬಂದರು. ನಾನು ಒಳಗೆ ಒಲೆಯ ಮುಂದೆ ನಿಂತಿದ್ದೆ. ಆಯೋಗದ ವಿಚಾರಣೆಗೆ ಹೋಗಿದ್ದೇ ಮನೆಯವರಿಗೆ ಗೊತ್ತಿಲ್ಲ. ಪೇಪರ್ ತಿದ್ದುವ ಸುಳ್ಳು ಈಗ ಬಯಲಾಗುತ್ತದೆ, ಮುಗಿಯಿತು ನನ್ನ ಕಥೆ ಎಂದುಕೊಂಡೆ.

‘ನಿಮ್ಮ ಮನಿಯವ್ರು ಬರೋಬರ್ ಹೇಳಿದ್ರು ನೋಡಪಾ ರಘುನಂದನ. ಬ್ಯಾರೆಯವ್ರು ಆಗಿದ್ರ ಒಂದಕ್ಕ ಎಂಟು ಮಾಡಿ ನಮ್ಮ ಮಾನ ಹರಾಜ್ ಹಾಕ್ತಿದ್ರು’ ಎಂದರು ಅವರು. ಅವರು ಹೋದ ಮೇಲೆ ನಮ್ಮ ಮನೆಯವರು ಒಳಗೆ ಬಂದರು. ‘ನನಗ ಹೇಳದ ಹೋದಿ, ಅದರ ಲೆಕ್ಕ ಬ್ಯಾರೆ’ ಎಂದರು. ಆಮೇಲೆ, ‘ಆದ್ರ ಶ್ಯಾಣ್ಯಾ ಕೆಲಸ ಮಾಡಿದಿ’ ಎಂದು ಒಂದು ಹಣ್ಣನ್ನು ತಾವೇ ಹೆಚ್ಚಿ ನನ್ನ ಕೈಗೆ ಕೊಟ್ಟರು. ಮದುವೆಯಾದ ಮೇಲೆ ಹಣ್ಣು ಹೆಚ್ಚಿ ಕೊಟ್ಟಿದ್ದು ಇದೇ ಮೊದಲು. ತಿಂದೆ. ಸಿಹಿಯಾಗಿತ್ತು. ಅವರು ಮಲಗಿದ ಮೇಲೆ ಕಕ್ಕಿಕೊಂಡೆ.

೨೬ ಏಪ್ರಿಲ್, ಗುರುವಾರ

ಬಸವ ಜಯಂತಿ. ಸಂಘದ ಹಾಲ್‌ನಲ್ಲಿ ಊಟ. ಹೆಂಗಸರ ಸಾಲಿನಲ್ಲಿ ಅನಸೂಯ ತನ್ನ ಅತ್ತೆ ದೇಚಮ್ಮನ ಪಕ್ಕ ಕುಳಿತಿದ್ದಳು. ನಡುಹಗಲು, ಹೊರಗೆ ಬೆಂಕಿ ಸುರಿಯುತ್ತಿದೆ, ಕಾಲಿಟ್ಟಲ್ಲಿ ನೆಲ ಸುಡುತ್ತಿದೆ. ಅವಳ ತಲೆಗೂದಲು ಮಾತ್ರ ಒದ್ದೆ. ಜಡೆಯ ತುದಿಯಿಂದ ನೀರು ಇಳಿದು ರವಿಕೆಯ ಬೆನ್ನು ನೆನೆದಿತ್ತು. ನನ್ನ ಕಣ್ಣು ಅಲ್ಲೇ ನಿಂತಿತು.

ದೇಚಮ್ಮ ಅದನ್ನು ಗಮನಿಸಿದರು. ‘ಶಕಿ ಅಂತ ದಿನಕ್ಕ ಎಷ್ಟ್ ಸಲ ತಲಿ ತೋಯಿಸ್ಕೋತಾಳ ನೋಡ್ರಿ ನಮ್ಮಾಕಿ, ನೆಗಡಿ ಆಗ್ತೈತಿ ಅಂದ್ರ ಕೇಳೂದಿಲ್ಲ’ ಎಂದು ಎಲ್ಲರಿಗೂ ಕೇಳುವಂತೆ ಹೇಳಿ ನಕ್ಕರು. ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ. ಅನಸೂಯ ಹೋಳಿಗೆಯನ್ನು ಚೂರು ಚೂರು ಮಾಡುತ್ತಿದ್ದಳು, ಒಂದು ಚೂರೂ ಬಾಯಿಗೆ ಹೋಗಲಿಲ್ಲ.

೩ ಮೇ, ಗುರುವಾರ

ಬಚ್ಚಲಿನಲ್ಲಿ ಬಕೆಟ್ ತುಂಬಿಸಿ ಮುಖ ಅದ್ದಿ ನೋಡಿದೆ. ಅದ್ದಿದವಳೂ ನಾನೇ, ಬೇಕಾದಾಗ ಎತ್ತುವವಳೂ ನಾನೇ. ಆದರೂ ಎದೆ ಒಡೆದುಹೋಗುವ ಹಾಗಾಯಿತು.

೧೧ ಮೇ, ಶುಕ್ರವಾರ

ವಾರವಾಯಿತು, ಅನಸೂಯ ಕಾಣಿಸಿಲ್ಲ. ತರಕಾರಿ ಗಾಡಿ ಬಂದಾಗಲೂ ಇಲ್ಲ, ಹಾಲಿನವನು ಕೂಗಿದಾಗಲೂ ಇಲ್ಲ. ರಾತ್ರಿ ಕಣ್ಣು ಮುಚ್ಚಿದರೆ ಒದ್ದೆ ಜಡೆ. ಅವಳು ಸತ್ತಿದ್ದಾಳೆ, ಯಾರಿಗೂ ಹೇಳದೆ ಮುಚ್ಚಿಟ್ಟಿದ್ದಾರೆ, ಕೊಂದವಳು ನಾನು. ಹೀಗೇ ಏನೇನೋ. ಬೆಳಿಗ್ಗೆ ಎದ್ದರೆ ಮೈಯೆಲ್ಲ ಬೆವರು.

ಇವತ್ತು ತಡೆಯಲಾಗಲಿಲ್ಲ. ಮಾವಿನ ಬುಟ್ಟಿ ಹಿಂದಿರುಗಿಸುವ ನೆವ ಮಾಡಿಕೊಂಡು ಹೋದೆ. ಗಂಡಸರಿಗೆ ತಿಳಿಸದೆ ಒಬ್ಬಳೇ ಇನ್ನೊಬ್ಬರ ಮನೆಗೆ ಹೋಗಬಾರದು ಎಂದು ಇವರು ಹೇಳಿದ್ದಾರೆ. ದಾರಿಯಲ್ಲಿ ಅದು ನೆನಪಾಗಲೇ ಇಲ್ಲ, ಈಗ ಬರೆಯುವಾಗ ನೆನಪಾಯಿತು.

ಬಾಗಿಲು ತೆರೆದವಳು ಅನಸೂಯಳೇ. ಉಸಿರಾಡುತ್ತಿದ್ದಾಳೆ. ಅಷ್ಟಕ್ಕೇ ನನಗೆ ಅಳು ಬಂತು. ಅತ್ತೆ ಒಳಗೆ ಪೂಜೆಗೆ ಕುಳಿತಿದ್ದರು, ಗಂಟೆಯ ಸದ್ದು ಕೇಳುತ್ತಿತ್ತು. ಅವಳ ಕಣ್ಣುಗಳ ಬಿಳಿ ಕೆಂಪಾಗಿತ್ತು. ಬುಟ್ಟಿ ತೆಗೆದುಕೊಳ್ಳುವ ನೆವದಲ್ಲಿ ಹತ್ತಿರ ಬಂದು ಪಿಸುಗುಟ್ಟಿದಳು.

‘ಮುಂದಿನ ಸಲ ಗಟ್ಯಾಗಿ ಹೇಳ್ತೀನ್ರಿ ಅಕ್ಕಾರ. ನಾ ಸಣ್ಣ ದನಿಲೆ ಹೇಳಿದ್ನೆಲ್ರಿ, ಅದಕ್ಕ ಆ ಮೇಡಮ್ಮಾರಿಗೆ ಖರೆ ಅನಸ್ಲಿಲ್ಲೇನೊ.’

ತಪ್ಪು ತನ್ನ ದನಿಯದು ಎಂದುಕೊಂಡಿದ್ದಾಳೆ. ಬುಟ್ಟಿ ಅವಳ ಕೈಗಿಟ್ಟೆ. ಮನೆಗೆ ಬಂದು ಹಿಟ್ಟು ಕಲಸುತ್ತ ಕುಳಿತೆ, ಎಷ್ಟು ಕಲಸಿದೆನೋ, ಇಬ್ಬರಿಗೆ ಎರಡು ದಿನಕ್ಕಾಗುವಷ್ಟು ಹಿಟ್ಟಾಗಿತ್ತು.

೨೧ ಮೇ, ಸೋಮವಾರ

ನಾಳೆ.

ಊಟಕ್ಕೆ ಕುಳಿತಾಗ ರಘುನಂದನ ಹೇಳಿದರು: ‘ಹೋದ ಸಲ ಏನ್ ಹೇಳಿದ್ಯೋ ಅದನ್ನ ಹೇಳಿ ಜಲ್ದಿ ಬಾ. ಒಂದು ಅಕ್ಷರ ಹೆಚ್ಚೂ ಇಲ್ಲ, ಕಮ್ಮೀನೂ ಇಲ್ಲ. ಗುರುಸಿದ್ದಪ್ಪನವ್ರು ಇವತ್ತ ಎಲ್ಲಾರ ಮುಂದ ನನ್ನ ಹೆಗಲ ಮ್ಯಾಲ ಕೈ ಹಾಕಿ ಮಾತಾಡಿದ್ರು, ತಿಳೀತ?’ ತಿಳಿಯಿತು ಎಂದೆ. ‘ತಿಳೀತಂದ್ರ ಮಾರಿ ಯಾಕ ಹಂಗ ಮಾಡ್ತಿ?’ ಎಂದರು. ಹೇಗೆ ಮಾಡಿದೆ ಎಂದು ನನಗೇ ಗೊತ್ತಿಲ್ಲ. ತಟ್ಟೆಯನ್ನು ಸರಿಸಿ ಎದ್ದು ಹೋದರು. ಅವರು ಬಿಟ್ಟ ಚಪಾತಿಯನ್ನು ನಾನು ತಿಂದೆ, ಹಸಿವಾಗಿತ್ತು.

ಬೆಳಿಗ್ಗೆ ಜ್ವರ ಬಂದರೆ ಎಷ್ಟು ಚೆನ್ನ ಎಂದು ದೇವರನ್ನು ಕೇಳಿಕೊಂಡೆ. ಆಮೇಲೆ, ಬೇಡ, ಜ್ವರ ಬರದಿರಲಿ ಎಂದು ಕೇಳಿಕೊಂಡೆ. ದೇವರಿಗೂ ನನ್ನ ಸಹವಾಸ ಸಾಕಾಗಿರಬೇಕು.

೨೨ ಮೇ, ಮಂಗಳವಾರ

ಅದೇ ಹಾಲ್, ಅದೇ ಮೇಜು. ಈ ಸಲ ಮೃಣಾಲಿನಿ ಬಾಯಿಯೂ ಬಂದು ಹಿಂದೆ ಕುಳಿತಿದ್ದರು. ಮೇಡಂ ಕೇಳಿದರು, ಈಗ ಹೇಗಿದೆ? ಅನಸೂಯ ಗಟ್ಟಿಯಾಗಿ ಹೇಳಿದಳು. ಪಡಸಾಲೆಯಲ್ಲಿದ್ದವರು ತಿರುಗಿ ನೋಡುವಷ್ಟು ಗಟ್ಟಿಯಾಗಿ. ಕತ್ತಿನ ನರ ಉಬ್ಬಿತ್ತು. ಯಾರಿಗೆ ತಿಳಿಯಬೇಕು ಅವಳ ಕನ್ನಡ? ನನಗೆ, ಗುರುಸಿದ್ದಪ್ಪನವರಿಗೆ, ಸಂಕೇತನಿಗೆ.

ನಾನು ಮೇಜಿನ ಅಂಚು ಹಿಡಿದುಕೊಂಡು ಹೇಳಿದೆ. ಟಾಕಿ, ಕುತ್ತಿಗೆ, ಉಸಿರು, ಕುರ್ಚಿ, ಪೇಪರ್. ಒಂದೂ ಬಿಡಲಿಲ್ಲ.

‘ಹೋದ ಸಲ ಇದನ್ನು ಹೇಳಲಿಲ್ಲವಲ್ಲ?’ ಎಂದರು ಮೇಡಂ.

‘ಅವಳು ಹೇಳಿದ್ದಳು. ನಾನು ಹೇಳಲಿಲ್ಲ.’

‘ಯಾಕೆ?’

‘ಹೆದರಿಕೆಯಾಯಿತು.’

ಅನಸೂಯಳಿಗೆ ಮರಾಠಿ ಬಾರದಿದ್ದದ್ದು ಒಳ್ಳೆಯದಾಯಿತು ಎಂದುಕೊಂಡೆ. ಆ ಕ್ಷಣದಲ್ಲೂ ನನಗೆ ನನ್ನ ಮಾನದ್ದೇ ಚಿಂತೆ.

ಗುರುಸಿದ್ದಪ್ಪನವರು ಶಾಂತವಾಗಿ ಎದ್ದು ನಿಂತರು. ಒಳ್ಳೆಯ ಮರಾಠಿ ಅವರದು. ‘ಮೇಡಂ, ಈ ತುಂಗಾ ಬಾಯಿ ಒಂದು ತಿಂಗಳಲ್ಲಿ ಮಾತು ಬದಲಿಸುತ್ತಾರೆ. ಇವರು ಹೇಳುವುದು ಹುಡುಗಿಯ ಮಾತೋ ಇವರದೇ ಮಾತೋ, ನಿಮಗೆ ಹೇಗೆ ತಿಳಿಯಬೇಕು?’ ಎಂದರು. ಮೇಡಂ ನನ್ನನ್ನು ನೋಡಿದ ನೋಟ ಬದಲಾಯಿತು. ‘ಇಷ್ಟೆಲ್ಲ ಆಗಿದ್ದರೆ ಮತ್ತೆ ಯಾಕೆ ಓಡಿಹೋಗಲಿಲ್ಲ, ಕೇಳಿ’ ಎಂದರು.

ಕೇಳಿದೆ. ಅನಸೂಯಳ ಗಟ್ಟಿ ದನಿ ಅಷ್ಟರಲ್ಲಿ ಮುಗಿದುಹೋಗಿತ್ತು. ‘ಹೆದರಿಕಿ ಆಗ್ತೈತ್ರಿ’ ಎಂದಳು, ಅಷ್ಟೇ.

ಅದನ್ನು ಮರಾಠಿಯಲ್ಲಿ ಹೇಳಲು ಬಾಯಿ ತೆರೆದೆ. ಹೇಳಿದೆ. ಹೇಳಿದ ಮೇಲೆ ಬಾಯಿ ಮುಚ್ಚಲಿಲ್ಲ.

‘ಹೆದರಿಕೆ ಎಂದರೆ ಹೇಗೆ ಹೇಳಲಿ ಮೇಡಂ, ಸಂಜೆ ಐದಾದರೆ ಕೂಲರ್ ಆರಿಸಿಬಿಡುತ್ತೇನೆ. ಅದರ ಸದ್ದಿನಲ್ಲಿ ಸ್ಕೂಟರ್ ಬಂದದ್ದು ಕೇಳಿಸುವುದಿಲ್ಲ. ಮನೆ ಕುದಿಯುತ್ತಿರುತ್ತದೆ, ಬೆವರು ಸುರಿಸುತ್ತ ಬಾಗಿಲ ಹಿಂದೆ ನಿಂತಿರುತ್ತೇನೆ. ಸ್ಟ್ಯಾಂಡ್ ಹಾಕುವ ಸದ್ದಿನಲ್ಲೇ ಇವತ್ತು ಹೇಗೆ ಎಂದು ಗೊತ್ತಾಗುತ್ತದೆ. ಮೆಲ್ಲಗೆ ಹಾಕಿದರೆ ಚಹಾ ಇಡುತ್ತೇನೆ. ಧಡ್ ಎಂದರೆ ಮೊದಲು ಲಟ್ಟಣಿಗೆ, ಈಳಿಗೆ, ಇಕ್ಕಳ ಎಲ್ಲ ಅಡಗಿಸಿಡುತ್ತೇನೆ, ಆಮೇಲೆ ಚಹಾ. ಓಡಿಹೋಗುವುದು ಎಲ್ಲಿಂದ ಬಂತು ಮೇಡಂ, ಆ ಸದ್ದು ಕೇಳಿಸಿಕೊಳ್ಳುವುದರಲ್ಲೇ ದಿನ ಮುಗಿಯುತ್ತದೆ.’

ಮೃಣಾಲಿನಿ ಬಾಯಿ ನನ್ನನ್ನೇ ನೋಡುತ್ತಿದ್ದರು. ಅನಸೂಯ ನನ್ನ ತೋಳು ಮುಟ್ಟಿ, ‘ಅಕ್ಕಾರ, ನಾ ಇಷ್ಟೆಲ್ಲಾ ಹೇಳಿಲ್ರಿ’ ಎಂದಳು.

ಗುರುಸಿದ್ದಪ್ಪನವರು ಜೋರಾಗಿಯೇ ನಕ್ಕರು. ‘ಸಿಕ್ಕಿತಲ್ಲ ಮೇಡಂ. ನಮ್ಮ ಮನೆಯಲ್ಲಿ ಕೂಲರೇ ಇಲ್ಲ. ನನ್ನ ಮಗನ ಹತ್ತಿರ ಸ್ಕೂಟರೂ ಇಲ್ಲ, ಫ್ಯಾಕ್ಟರಿ ಬಸ್ಸಿಗೆ ಹೋಗುತ್ತಾನೆ. ಬೇಕಾದರೆ ಯಾರನ್ನಾದರೂ ಕಳಿಸಿ ನೋಡಿಸಿ. ಕೂಲರ್ ಎಷ್ಟು ಸುಳ್ಳೋ ಟಾಕಿಯೂ ಅಷ್ಟೇ ಸುಳ್ಳು.’

ಮೇಡಂ ಪೆನ್ನು ಕೆಳಗಿಟ್ಟರು. ಹೋಯಿತು ಎನ್ನಿಸಿತು. ಎರಡನೆಯ ಸಲ ಈ ಹುಡುಗಿಯನ್ನು ನಾನೇ ಆ ಮನೆಗೆ ತಳ್ಳುತ್ತಿದ್ದೇನೆ. ಅವಳು ನನ್ನ ತೋಳನ್ನು ಇನ್ನೂ ಬಿಟ್ಟಿರಲಿಲ್ಲ. ಬೆರಳುಗಳು ತಣ್ಣಗಿದ್ದವು.

‘ಕೂಲರ್ ನಮ್ಮ ಮನೆಯದು’ ಎಂದೆ. ಯಾರಿಗೂ ಕೇಳಿಸಲಿಲ್ಲ, ಮತ್ತೊಮ್ಮೆ ಹೇಳಬೇಕಾಯಿತು. ‘ಕೂಲರ್ ನಮ್ಮ ಮನೆಯದು ಮೇಡಂ. ಸ್ಕೂಟರ್ ನನ್ನ ಗಂಡನದು. ಟಾಕಿ ಅವಳದು. ಎರಡೂ ನಿಜ.’

ಗುರುಸಿದ್ದಪ್ಪನವರ ನಗೆ ನಿಂತಿತು. ಮೇಡಂ ಅಪ್ಪ ಮಗ ಇಬ್ಬರನ್ನೂ ಹೊರಗೆ ಕಳಿಸಿದರು. ಆಮೇಲೆ ನನ್ನ ಸಹಾಯ ಕೇಳಲಿಲ್ಲ. ಅನಸೂಯಳ ಕಡೆ ತಿರುಗಿ ಕೈಸನ್ನೆಯಲ್ಲೇ, ತೋರಿಸು ಎಂದರು. ಅನಸೂಯ ತನ್ನ ಬಲಗೈಯನ್ನು ತನ್ನದೇ ಕುತ್ತಿಗೆಯ ಹಿಂದೆ ಇಟ್ಟುಕೊಂಡಳು, ಬಗ್ಗಿದಳು, ಹಣೆ ಮೇಜಿಗೆ ತಾಗುವವರೆಗೂ ಬಗ್ಗಿದಳು. ಹಾಗೇ ಇದ್ದಳು. ಇನ್ನೊಂದು ಕೈ ಮೇಜಿನ ಮೇಲೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಸಾಕು ಸಾಕು ಎಂದು ಮೇಡಂ ಅವರೇ ಎದ್ದು ಬಂದು ಎತ್ತಬೇಕಾಯಿತು.

ಅವಳು ಆ ಮನೆಗೆ ಹೋಗಲಿಲ್ಲ. ಪೊಲೀಸರಿಗೆ ದೂರು ದಾಖಲಿಸಲು ಹೇಳಿದ್ದಾರೆ. ಅಣ್ಣ ಗದಗದಿಂದ ಬರುವವರೆಗೆ ಮಹಿಳಾ ವಸತಿಗೃಹದಲ್ಲಿ ಇರುತ್ತಾಳೆ. ಜೀಪು ಹತ್ತುವಾಗ, ‘ನೀವ್ ಬರೂದಿಲ್ರಿ ಅಕ್ಕಾರ?’ ಎಂದಳು.

ಮೃಣಾಲಿನಿ ಬಾಯಿ ತಮ್ಮ ಮನೆಗೆ ನಡೆಯಿರಿ ಎಂದರು. ಬಟ್ಟೆ ತೆಗೆದುಕೊಂಡು ಬರುತ್ತೇನೆ ಎಂದೆ. ಜೊತೆಗೆ ಬರುತ್ತೇನೆ ಎಂದರೂ, ಅನಸೂಯ ಒಬ್ಬಳೇ ಇದ್ದಾಳೆ, ಮೊದಲು ಅಲ್ಲಿಗೆ ಹೋಗಿ ಎಂದೆ. ಅವಳನ್ನು ವಸತಿಗೃಹಕ್ಕೆ ಬಿಟ್ಟು ಆರು ಗಂಟೆಯೊಳಗೆ ಆಟೋ ತರುತ್ತಾರಂತೆ. ಈಗ ಐದೂವರೆ ದಾಟಿದೆ. ಬ್ಯಾಗು ತುಂಬಿ ಬಾಗಿಲ ಬಳಿ ಇಟ್ಟಿದ್ದೇನೆ. ಎರಡು ಸೀರೆ, ಶಾಲೆಯ ಪೇಪರ್‌ಗಳು. ಒಳಗಿನಿಂದ ಚಿಲಕ ಹಾಕಿದ್ದೇನೆ. ಗುರುಸಿದ್ದಪ್ಪನವರು ಹಾಲ್‌ನಿಂದ ನೇರ ಫ್ಯಾಕ್ಟರಿಗೆ ಹೋದದ್ದನ್ನು ನೋಡಿದವರಿದ್ದಾರೆ. ಹಾಗಾದರೆ ರಘುನಂದನ ಹೊರಟಿರಬೇಕು. ಅಕ್ಷರ ಸೊಟ್ಟಗಾಗುತ್ತಿವೆ.

ವಿಪರೀತ ಸೆಕೆ. ಕೂಲರ್ ಹಾಕಿಕೊಂಡಿದ್ದೇನೆ. ಇದರ ಸದ್ದಿನಲ್ಲಿ ಆಟೋ ಬಂದರೂ ಕೇಳಿಸುವುದಿಲ್ಲ, ಸ್ಕೂಟರ್ ಬಂದರೂ ಕೇಳಿಸುವುದಿಲ್ಲ. ಆದರೂ ಆರಿಸುವುದಿಲ್ಲ.